ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು

12ನೆಯ ಶತಮಾನದ ಶರಣರ ಗಣದಲ್ಲಿ ದನಗಳನ್ನು ಕಾಯುತ್ತಿದ್ದ ತುರುಗಾಹಿ ರಾಮಣ್ಣನಿದ್ದನು. ಔಷಧೋಪಚಾರವನ್ನು ಕಾಯಕವಾಗಿ ಹಿಡಿದ ವೈದ್ಯ ಸಂಗಣ್ಣನೂ ಇದ್ದನು. ಇಬ್ಬರೂ ವಚನಕಾರರು. ಗೋವನ್ನು ಸಲಹುವುದಾಗಲಿ, ನೊಂದ ದೇಹವನ್ನು ಉಪಚರಿಸುವುದಾಗಲಿ ಲಿಂಗಪೂಜೆಗೆ ಹೊರತಾದ ಲೌಕಿಕ ವ್ಯವಹಾರವಲ್ಲವೆಂಬುದಕ್ಕೆ ಇವರ ಬದುಕೇ ಪ್ರಮಾಣವಾಗಿದೆ. ಇದೇ ತತ್ತ್ವವನ್ನು ನಮಗೆ ಹತ್ತಿರದ ಕಾಲದಲ್ಲಿ ಆಚರಣೆಗೆ ತಂದ ಮಹನೀಯರು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು. ಅವರು ವೈದ್ಯಶಾಸ್ತ್ರದ ಪದವಿಯನ್ನು ಪಡೆದವರಲ್ಲ. ಆದರೆ ಮಕ್ಕಳ ವೈದ್ಯರೆಂಬ ಹೆಸರನ್ನೇ ಹಳ್ಳಿಗಳು ಕೇಳದಿದ್ದ ಆ ದಿನಗಳಲ್ಲಿ, ಬಾಲಕರ ದೇಹ ಬುದ್ಧಿಗಳೆರಡನ್ನೂ ಪೋಷಿಸುವ ಹೊಣೆಯನ್ನು ತಾವಾಗಿಯೇ ಹೊತ್ತರು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯ ವಾಚಕರಿಗೆ ಅವರು ದೂರದವರಲ್ಲ. ಅವರು ತಪೋಭೂಮಿಯಾಗಿ ಆರಿಸಿಕೊಂಡ ಸ್ಥಳದ ಪಕ್ಕದಲ್ಲಿ ಹರಿಯುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ನಾರಾಯಣಪುರ ತಿಂಥಣಿಗಳನ್ನು ಹಾದು, ನಮ್ಮ ಹೊಲಗದ್ದೆಗಳಿಗೂ ಬರುತ್ತದೆ. ಆ ದಂಡೆಯಲ್ಲಿ ಬಿತ್ತಿದ ಬೀಜದ ಫಲವನ್ನು ಈ ದಂಡೆಯವರೂ ಉಂಡಿದ್ದೇವೆ.

ಶ್ರೀಗಳವರು 1867ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಒಂದು ಬಡ ಜಂಗಮ ಮನೆತನದಲ್ಲಿ ಜನಿಸಿದರು. ತಂದೆ ಬಸಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಹಾಲಯ್ಯನೆಂದು ಹೆಸರಿಟ್ಟರು. ಹಾಲಯ್ಯನಿಗೆ ಒಂಬತ್ತು ವರ್ಷವಾಗುವ ಹೊತ್ತಿಗೆ, 1876ರಲ್ಲಿ, ದಕ್ಷಿಣಾಪಥವನ್ನೆಲ್ಲ ಮಹಾಕ್ಷಾಮವು ಆವರಿಸಿತು. ಈ ಕ್ಷಾಮವು 1878ರವರೆಗೆ ಕಾಡಿತು. ಮೊದಲು ಮೇವು ತೀರಿತು, ದನಗಳು ಸತ್ತವು; ಎತ್ತುಗಳಿಲ್ಲದೆ ಎರೆಯ ಹೊಲಗಳು ಬೀಳುಬಿದ್ದವು; ಅನಂತರ ಮನುಷ್ಯರು ಸತ್ತರು. ಗೋವಿನ ಅಳಿವಿಗೂ ಮನೆಯ ಕೂಸಿನ ಅಳಿವಿಗೂ ಇರುವ ಅಂತರವು ಎಷ್ಟು ಕಿರಿದೆಂಬುದನ್ನು ಕಂಡ ತಲೆಮಾರಿನಲ್ಲಿ ಶ್ರೀಗಳವರು ಬೆಳೆದರು.

ಹಾಲಯ್ಯನು ಬಡತನದಲ್ಲಿಯೇ ವಿದ್ಯೆಯನ್ನು ಸಂಪಾದಿಸಿ, ಲಿಂಗದಹಳ್ಳಿಯಲ್ಲಿ ಕೆಲಕಾಲ ಮಕ್ಕಳಿಗೆ ಪಾಠ ಹೇಳಿದನು. ಬಳಿಕ ವೈರಾಗ್ಯವು ಬಲಿತು ಹುಬ್ಬಳ್ಳಿಗೆ ಹೋಗಿ ಸಿದ್ಧಾರೂಢರ ಸನ್ನಿಧಿಯಲ್ಲಿ ವೇದಾಂತ ಶ್ರವಣ ಮಾಡಿದನು. ಅಲ್ಲಿಯೇ ಎಳಂದೂರು ಬಸವಲಿಂಗ ಸ್ವಾಮಿಗಳವರ ದರ್ಶನವಾಗಿ, ಅವರನ್ನೇ ಗುರುಗಳೆಂದು ನಂಬಿ ಶಿವಯೋಗ ಸಾಧನೆಗೆ ತೊಡಗಿದನು. ಮನೆಯನ್ನು ಬಿಡುವ ಮುನ್ನ ತಾನು ದುಡಿದುದನ್ನು ತಾಯಿಯ ಕೈಗೆ ಒಪ್ಪಿಸಿ ಬಿನ್ನವಿಸಿಕೊಂಡನೆಂದು ಹಿರಿಯರು ಹೇಳುವರು. ಕಾಲಾಂತರದಲ್ಲಿ ಹಾನಗಲ್ಲ ವಿರಕ್ತಮಠದ ಅಧಿಕಾರವು ಅವರಿಗೆ ಪ್ರಾಪ್ತವಾಯಿತು. ಸದಾಶಿವ ಸ್ವಾಮಿಗಳೆಂಬುದು ಅವರ ಆಶ್ರಮನಾಮವಾದರೂ ಜನರು ಅವರನ್ನು ಕುಮಾರಸ್ವಾಮಿಗಳೆಂದೇ ಅರಿತರು.

ಸಮಾಜವು ಆಗ ಅವಿದ್ಯೆಯಿಂದ ಬಳಲುತ್ತಿತ್ತು. ಬಡ ಮಕ್ಕಳು ಪಾಠಶಾಲೆಯ ಮೆಟ್ಟಿಲು ಹತ್ತುವುದೇ ದುರ್ಲಭವಾಗಿತ್ತು. ಮಠಗಳ ಪಟ್ಟವೇರುವವರಲ್ಲಿಯೂ ಅನೇಕರಿಗೆ ಶಾಸ್ತ್ರಜ್ಞಾನವಿರಲಿಲ್ಲ. ಶ್ರೀಗಳವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನವು ನೆರೆಯಿತು. ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಧಾರೆಯೆರೆದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷರಾಗಿದ್ದರು. ಆದರೆ ಸಭೆಯ ನಿರ್ಣಯಗಳಿಂದಲೇ ಮಕ್ಕಳು ಬೆಳೆಯುವುದಿಲ್ಲ. ಅವರಿಗೆ ಇರಲು ಸ್ಥಳ, ಉಣ್ಣಲು ಅನ್ನ, ಕಲಿಸಲು ಗುರು ಬೇಕು. ಅಂತೆಯೇ 1909ರಲ್ಲಿ ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ತೀರದ ನಿರ್ಜನ ಪ್ರದೇಶದಲ್ಲಿ ಶಿವಯೋಗಮಂದಿರವು ಸ್ಥಾಪಿತವಾಯಿತು. ವಟುಗಳು ಅಲ್ಲಿ ನೆಲೆಸಿ ಸಂಸ್ಕೃತ ಕನ್ನಡಗಳನ್ನೂ ಯೋಗವನ್ನೂ ಸಂಗೀತವನ್ನೂ ಕಲಿಯತೊಡಗಿದರು. ಅವರೊಳಗೆ ಅನೇಕರು ಮುಂದೆ ಉತ್ತರ ಕರ್ನಾಟಕದ ಮಠಗಳಿಗೆ ಅಧಿಪತಿಗಳಾಗಿ ಹೋಗಿ, ಊರೂರಿಗೆ ಅಕ್ಷರವನ್ನೂ ಅನ್ನವನ್ನೂ ಮುಟ್ಟಿಸಿದರು.

ಪಾಠಶಾಲೆಯೊಡನೆಯೇ ಶ್ರೀಗಳವರು ಗೋಶಾಲೆಯನ್ನೂ ನಡೆಸಿದರು. ಇದರಲ್ಲಿ ಅವರ ದೂರದೃಷ್ಟಿಯು ಸ್ಪಷ್ಟವಾಗಿದೆ. ಬೆಳೆಯುವ ಬಾಲಕನಿಗೆ ಹಾಲು ಮಜ್ಜಿಗೆಗಳಿಲ್ಲದ ಯೋಗಾಭ್ಯಾಸವು ದೇಹದಂಡನೆಯಾದೀತು. ಹೊಲಕ್ಕೆ ಗೊಬ್ಬರ ಬೇಕು, ನೇಗಿಲಿಗೆ ಎತ್ತು ಬೇಕು. ಪೂಜೆಗೆ ವಿಭೂತಿ ಬೇಕಾದರೂ ಗೋವೇ ಬೇಕು. ವಿಭೂತಿಯು ಸುಮ್ಮನೆ ದೊರೆಯುವ ಬೂದಿಯಲ್ಲ. ಗೋಮಯವನ್ನು ಶುಚಿಯಾಗಿ ಸಂಗ್ರಹಿಸಿ, ಉಂಡೆಕಟ್ಟಿ ಒಣಗಿಸಿ, ನಿಧಾನವಾಗಿ ದಹಿಸಿ, ಬಂದ ಭಸ್ಮವನ್ನು ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬಸಿದು, ಅಡಿಯಲ್ಲಿ ನಿಂತುದನ್ನು ಗಟ್ಟಿಗಳನ್ನಾಗಿ ಮಾಡಿ ಒಣಗಿಸಬೇಕು. ಶಿವಯೋಗಮಂದಿರದ ವಿಭೂತಿಯು ನಾಡಿನಲ್ಲೆಲ್ಲ ಹೆಸರಾಯಿತು. ನಾವು ಹಣೆಯಲ್ಲಿ ಧರಿಸುವ ಮೂರು ಬೆರಳಿನ ಭಸ್ಮದ ಹಿಂದೆ ಹಟ್ಟಿಯನ್ನು ಬಳಿದವನ ಬೆವರಿದೆ. ಕಾಯಕವಿಲ್ಲದೆ ಲಾಂಛನವೂ ಇಲ್ಲವೆಂಬುದನ್ನು ಆ ಮಕ್ಕಳು ಪುಸ್ತಕದಿಂದಲ್ಲ, ಕೊಟ್ಟಿಗೆಯಿಂದ ಕಲಿತರು.

ಈ ಕಾರುಣ್ಯದ ನಿಜವಾದ ಪರೀಕ್ಷೆಯು ನಡೆದುದು ಒಬ್ಬ ಅಂಧ ಬಾಲಕನ ವಿಷಯದಲ್ಲಿ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅವನ ಅಣ್ಣನೂ ಕುರುಡನೇ. ಇಂತಹ ಮಕ್ಕಳನ್ನು ಕಂಡು ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರಿಟ್ಟು ಮುಂದೆ ಹೋಗುವುದು ಲೋಕದ ರೂಢಿ. ಶ್ರೀಗಳವರು ಮುಂದೆ ಹೋಗಲಿಲ್ಲ. ಆ ಸೋದರರ ಕಂಠದಲ್ಲಿದ್ದ ನಾದವನ್ನು ಗುರುತಿಸಿ, ಅವರನ್ನು ತಮ್ಮ ಮಕ್ಕಳಂತೆ ಇರಿಸಿಕೊಂಡು ಸಂಗೀತ ಕಲಿಸಿದರು. ಅಣ್ಣನು ಅಲ್ಪಾಯುಷಿಯಾದನು. ತಮ್ಮನಿಗೆ ಕರ್ನಾಟಕ ಪದ್ಧತಿಯ ಶಿಕ್ಷಣವು ದೊರೆಯಿತು. ಹಿಂದುಸ್ತಾನಿ ಪದ್ಧತಿಗಾಗಿ ಮಿರಜಿನ ನೀಲಕಂಠಬುವಾ ಅವರಂತಹ ವಿದ್ವಾಂಸರು ಗುರುಗಳಾಗಿ ದೊರೆತರು. ಆ ಗದಿಗೆಯ್ಯನೇ ಉಭಯಗಾನವಿಶಾರದ ಪಂಚಾಕ್ಷರಿ ಗವಾಯಿಗಳಾಗಿ ಪ್ರಸಿದ್ಧನಾದನು.

ಗವಾಯಿಗಳು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಅವರಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಆ ಸಂಚಾರವೇ ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರ ಶಿಷ್ಯರೂ ಸ್ವತಃ ಅಂಧರೂ ಆಗಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಸಿದರು. ಒಬ್ಬ ಬಾಲಕನನ್ನು ಕೈಬಿಡದೆ ಹಿಡಿದುದರಿಂದ ಸಹಸ್ರಾರು ಬಾಲಕರಿಗೆ ಕೈಯಾಸರೆ ದೊರೆಯಿತು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಸರ್ವವನ್ನೂ ತ್ಯಜಿಸಿದ ವಿರಕ್ತರಿಗೆ ಹಟ್ಟಿಯ ಗೋಜೇಕೆ, ಪರರ ಮಕ್ಕಳ ಚಿಂತೆಯೇಕೆ? ತ್ಯಜಿಸಬೇಕಾದುದು ನನ್ನದೆಂಬ ಭಾವವನ್ನಲ್ಲದೆ ಜೀವಿಗಳನ್ನಲ್ಲ. ಶ್ರೀಗಳವರು ಹೆತ್ತ ತಾಯಿಯ ಮನೆಯನ್ನು ಬಿಟ್ಟರು. ಆದರೆ ಹೆತ್ತವರಿಂದ ಸಾಕಲಾಗದ ಮಕ್ಕಳಿಗೆ ತಾವೇ ತಾಯಿಯಾದರು. ತಮಗಾಗಿ ಏನನ್ನೂ ಬೇಡದವರು ಮಂದಿರಕ್ಕಾಗಿ ಜೋಳಿಗೆ ಹಿಡಿದರು. ಜಂಗಮ ದಾಸೋಹವೆಂದರೆ ಇದೇ ಅಲ್ಲದೆ ಬೇರೊಂದಿಲ್ಲ.

1930ರ ಫೆಬ್ರವರಿಯಲ್ಲಿ ಶ್ರೀಗಳವರು ಶಿವಯೋಗಮಂದಿರದಲ್ಲಿಯೇ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ ಇದೆ.

ಈ ಚರಿತ್ರೆಯನ್ನು ಬರೆಯುವಾಗ ನನಗೆ ನನ್ನ ಪಾಠಶಾಲೆಯ ಒಂದು ಪ್ರಸಂಗವು ನೆನಪಾಗಿ ನಾಚಿಕೆಯಾಗುತ್ತದೆ. ಹಲಗೆಯ ಮೇಲೆ ಬರೆದುದನ್ನು ಓದದೆ ತಲೆತಗ್ಗಿಸಿ ಕೂರುತ್ತಿದ್ದ ಹುಡುಗನೊಬ್ಬನನ್ನು ಮೈಗಳ್ಳನೆಂದು ಬಗೆದು ಬಹುದಿನ ಗದರಿಸಿದ್ದೆನು. ಅವನ ಕಣ್ಣಿನಲ್ಲಿ ದೋಷವಿರುವುದನ್ನು ಕಂಡುಹಿಡಿದವಳು ಅಡುಗೆಯ ಮನೆಯ ಮುದುಕಿ. ಊಟಕ್ಕೆ ಕುಳಿತಾಗ ಅವನು ತಟ್ಟೆಯನ್ನು ಕೈಯಿಂದ ತಡವಿ ನೋಡುತ್ತಿದ್ದುದನ್ನು ಅವಳು ಗಮನಿಸಿದ್ದಳು. ಶಾಸ್ತ್ರವನ್ನು ಓದಿದ ನಾನು ಅದನ್ನು ಕಾಣಲಿಲ್ಲ. ಹುಡುಗನಿಗೆ ಕನ್ನಡಕ ಬಂದಿತು, ಓದೂ ಬಂದಿತು. ನಾನು ಗದರಿಸಿದ ದಿನಗಳು ಮಾತ್ರ ಹಿಂದಿರುಗಿ ಬರಲಾರವು.

ಆದುದರಿಂದ ವಾಚಕರಲ್ಲಿ ಬಿನ್ನಹವಿಷ್ಟೇ. ಶ್ರೀಗಳವರ ಪುಣ್ಯಸ್ಮರಣೆಯ ದಿನ ವಿಭೂತಿಯನ್ನು ಧರಿಸುವಾಗ, ಅದನ್ನು ಕೊಟ್ಟ ಗೋವಿಗೆ ಮೇವಿದೆಯೇ ಎಂದು ಒಮ್ಮೆ ಕೊಟ್ಟಿಗೆಯತ್ತ ನೋಡೋಣ. ಪ್ರಸಾದದ ಪಂಕ್ತಿಯಲ್ಲಿ ಕುಳಿತಾಗ, ಹಿಂದುಳಿದು ನಿಂತ ಮಗುವು ಯಾವುದೆಂದು ನೋಡೋಣ. ಹಾಗೆ ನೋಡುವ ಕಣ್ಣು ನಮಗೂ ಬರಲೆಂದು ಅವರ ಪಾದಗಳಲ್ಲಿ ಬೇಡೋಣ.