ಊರಿಗೊಂದು ಕೋಬಾಲ್ ಆದಾಗ ಗ್ರೇಸ್ ಹಾಪರ್ ಮಾಡಿದ್ದೇನು?

ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ಪೈಥಾನ್‌ಗಳಿವೆ. ಹಳೇ ಸ್ಕ್ರಿಪ್ಟ್‌ಗೆ 2.7, ಉಳಿದೆರಡು ಬೇರೆ ಬೇರೆ ಕೆಲಸಕ್ಕೆ. ಒಂದರ ಗಾಳಿ ಇನ್ನೊಂದಕ್ಕೆ ಸೋಕದಂತೆ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. ಕೋಡ್ ಬರೆಯೋರಿಗೆ ಇದು ಮಾಮೂಲು. ಆದ್ರೆ ಒಂದೇ ಭಾಷೆ ಹೀಗೆ ಒಡೆದು ಹೋಗೋದನ್ನು ತಡೆಯೋಕೆ ವರ್ಷಗಟ್ಟಲೆ ದುಡಿದವರೊಬ್ಬರಿದ್ದರು: ಗ್ರೇಸ್ ಹಾಪರ್.

ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕ್‌ನಲ್ಲಿ. 1934ರಲ್ಲಿ ಯೇಲ್‌ನಿಂದ ಗಣಿತದ ಡಾಕ್ಟರೇಟ್. ಯುದ್ಧ ಬಂದಾಗ ನೌಕಾಪಡೆ ಸೇರಲು ಹೊರಟರೆ ವಯಸ್ಸು ಜಾಸ್ತಿ, ತೂಕ ಕಮ್ಮಿ ಅಂತ ಅಡ್ಡಿ. ವಿನಾಯಿತಿ ಪಡೆದು ಸೇರಿದರು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ನಿಂತರು. (ಕಂಪ್ಯೂಟರ್‌ನಲ್ಲಿ ಸಿಕ್ಕ ಪತಂಗದ ಕತೆಯನ್ನು ಎಲ್ಲೆಡೆ ಹೇಳಿದ್ದು ಇವರು, ಹಿಡಿದದ್ದು ಇವರಲ್ಲ. ಬಗ್ ಅನ್ನೋ ಪದವೂ ಅದಕ್ಕಿಂತ ಹಳೇದು.)

1952ರಲ್ಲಿ ಎ-0 ಕಂಪೈಲರ್, ಆಮೇಲೆ ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್. 1959ರಲ್ಲಿ ಕೆಲಸ ಶುರುಮಾಡಿದ ಕೋಬಾಲ್ ಸಮಿತಿ ಅದರಿಂದ ಬಹಳಷ್ಟು ಎತ್ತಿಕೊಂಡಿತು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಚಿಕ್ಕಪುಟ್ಟ ಬದಲಾವಣೆಯೊಂದಿಗೆ ಆರ್‌ಸಿಎ 501, ಯೂನಿವ್ಯಾಕ್ 2 ಎರಡರಲ್ಲೂ ಓಡಿತು. ಬೇರೆ ಬೇರೆ ಕಂಪನಿಯ ಯಂತ್ರಗಳವು. ಆಗ ಇದು ಸಣ್ಣ ಮಾತಲ್ಲ.

ತೊಂದರೆ ಬಂದದ್ದು ಆಮೇಲೆ. ಪ್ರತಿ ತಯಾರಕನೂ ತನ್ನ ಕೋಬಾಲ್‌ಗೆ ಒಂದಿಷ್ಟು ಒಗ್ಗರಣೆ ಸೇರಿಸಿದ. ಅದರ ರುಚಿ ಹತ್ತಿದ ಗಿರಾಕಿ ಯಂತ್ರ ಬದಲಿಸಿದರೆ ಪ್ರೋಗ್ರಾಂ ಕೆಲಸ ಮಾಡದು, ತಿದ್ದೋ ಖರ್ಚೂ ಅವನದೇ. ವ್ಯಾಪಾರಿಗೆ ಇದರಿಂದ ಲಾಭವೇ ಅಲ್ವಾ?

1966ರ ಕೊನೆಗೆ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾಪಡೆ 1967ರಲ್ಲಿ ಆರು ತಿಂಗಳ ಮಟ್ಟಿಗೆ ವಾಪಸ್ ಕರೆಸಿಕೊಂಡಿತು, ಈ ಗೊಂದಲ ಸರಿಪಡಿಸಲಿಕ್ಕೆ. ಅವರು ಬರೀ ಸುತ್ತೋಲೆ ಹೊರಡಿಸಿ ಕೂರಲಿಲ್ಲ. ಅವರ ತಂಡ ಪರೀಕ್ಷಾ ಪ್ರೋಗ್ರಾಂಗಳನ್ನು ಬರೆಯಿತು. ಕಂಪೈಲರ್ ನಿಜಕ್ಕೂ ಕೋಬಾಲ್ ಮಾನದಂಡದಂತೆ ನಡೆಯುತ್ತಾ ಅಂತ ಓಡಿಸಿಯೇ ನೋಡುವುದು. ಮುಂದೆ ಅಮೆರಿಕ ಸರ್ಕಾರದ ಖರೀದಿಗೂ ಇಂಥ ಪರೀಕ್ಷೆ ಕಡ್ಡಾಯವಾಯಿತು. ಕಂಪೈಲರ್ ಕಟ್ಟಿದ್ದಕ್ಕಿಂತ ಇದೇ ಅವರ ದೊಡ್ಡ ಕೆಲಸ ಅಂತ ನನಗನ್ನಿಸುತ್ತೆ, ಜನ ಇದನ್ನು ನೆನೆಯೋದು ಕಮ್ಮಿ. ನಾವು ಈಗ ಆವೃತ್ತಿಗೊಂದು ಕೋಣೆ ಕಟ್ಟಿ ಜಗಳ ಮುಂದೂಡ್ತೀವಿ. ಅವರು ಜಗಳದ ಬುಡಕ್ಕೇ ಕೈ ಹಾಕಿದ್ದರು.

ಆ ಆರು ತಿಂಗಳು 1986ರವರೆಗೆ ಎಳೆಯಿತು. 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಅವರ ಹೆಸರಿನ ಯುದ್ಧನೌಕೆ 1997ರಲ್ಲಿ ಪಡೆ ಸೇರಿತು.