ಸರ್ಕಾರದ ಅಂಕಿ-ಅಂಶಗಳಿಂದಲೇ ಸರ್ಕಾರವನ್ನು ಪ್ರಶ್ನಿಸಿದ ದಾದಾಭಾಯಿ ನವರೋಜಿ

ಮುಂಬೈನ ಸಿಎಸ್‌ಎಂಟಿ ನಿಲ್ದಾಣದಿಂದ ಫ್ಲೋರಾ ಫೌಂಟನ್ ಕಡೆಗೆ ಹೋಗುವ ಡಿ.ಎನ್. ರಸ್ತೆಯಲ್ಲಿ ದಿನವೂ ಲಕ್ಷಾಂತರ ಜನ ಓಡಾಡುತ್ತಾರೆ. ದೆಹಲಿಯಲ್ಲಿ ನವರೋಜಿ ನಗರವಿದೆ. ಲಂಡನ್ನಿನಲ್ಲೂ ಅದೇ ಹೆಸರಿನ ಒಂದು ಬೀದಿಯಿದೆ. ಈ ಹೆಸರಿನ ಹಿಂದಿರುವ ದಾದಾಭಾಯಿ ನವರೋಜಿ ಹುಟ್ಟಿ 2025ಕ್ಕೆ 200 ವರ್ಷ ತುಂಬಿತು. ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರು, ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಭಾರತೀಯ, ಸಂಪತ್ತಿನ ಸೋರಿಕೆ ಸಿದ್ಧಾಂತ ಮಂಡಿಸಿದವರು ಎಂದು ಶಾಲೆಯ ಪಠ್ಯಪುಸ್ತಕಗಳು ಅವರನ್ನು ಪರಿಚಯಿಸುತ್ತವೆ.

ಆ ಸಿದ್ಧಾಂತಕ್ಕೆ ಬೇಕಾದ ಅಂಕಿ-ಅಂಶಗಳು ಅವರಿಗೆ ಎಲ್ಲಿಂದ ಸಿಕ್ಕವು? ಅವರ ಬಳಿ ಗುಪ್ತ ಕಡತಗಳಿರಲಿಲ್ಲ, ಸಮೀಕ್ಷೆ ನಡೆಸಲು ಸಿಬ್ಬಂದಿಯೂ ಇರಲಿಲ್ಲ. ಬ್ರಿಟಿಷ್ ಸರ್ಕಾರ ತಾನೇ ಅಚ್ಚು ಹಾಕಿಸಿ ಹಂಚುತ್ತಿದ್ದ ಆಡಳಿತ ವರದಿಗಳು, ಸಂಸತ್ತಿನ ದಾಖಲೆಗಳು ಮತ್ತು ಆಮದು-ರಫ್ತಿನ ಪಟ್ಟಿಗಳೇ ಅವರ ಆಧಾರ. ಸರ್ಕಾರದ ಮಾಹಿತಿ ಜನರ ಕೈಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಭಾರತದಲ್ಲಿ ಸಿಗುವ ಮೊದಲ ದೊಡ್ಡ ಉದಾಹರಣೆಗಳಲ್ಲಿ ನವರೋಜಿ ಅವರ ಬದುಕೂ ಒಂದು.

ಸಾರ್ವಜನಿಕರ ದುಡ್ಡಿನಲ್ಲಿ ಓದಿದ ಹುಡುಗ

ದಾದಾಭಾಯಿ ಹುಟ್ಟಿದ್ದು 1825ರ ಸೆಪ್ಟೆಂಬರ್ 4ರಂದು, ನವಸಾರಿ ಮೂಲದ ಬಡ ಪಾರ್ಸಿ ಪುರೋಹಿತರ ಕುಟುಂಬದಲ್ಲಿ. ಅವರಿಗೆ ನಾಲ್ಕು ವರ್ಷವಾಗಿದ್ದಾಗಲೇ ತಂದೆ ತೀರಿಕೊಂಡರು. ಓದು ಬರಹ ತಿಳಿಯದ ತಾಯಿ ಮಾಣೆಕ್‌ಬಾಯಿ ಕಷ್ಟಪಟ್ಟು ಮಗನನ್ನು ಶಾಲೆಗೆ ಕಳುಹಿಸಿದರು. ಆಗ ಬಾಂಬೆಯ ಆ ಶಾಲೆಯಲ್ಲಿ ಶುಲ್ಕ ಇರಲಿಲ್ಲ. ಶುಲ್ಕವಿದ್ದಿದ್ದರೆ ದಾದಾಭಾಯಿ ಓದುವುದೇ ಸಾಧ್ಯವಾಗುತ್ತಿರಲಿಲ್ಲ. ಬಡವರ ದುಡ್ಡಿನಲ್ಲಿ ಓದಿದ ತಾನು ಆ ಋಣವನ್ನು ಜನಸೇವೆಯಿಂದಲೇ ತೀರಿಸಬೇಕು ಎಂಬ ಭಾವನೆ ಅವರಲ್ಲಿ ಕೊನೆಯವರೆಗೂ ಉಳಿದಿತ್ತು.

ಗಣಿತ ಅವರ ಅಚ್ಚುಮೆಚ್ಚಿನ ವಿಷಯ. ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, 1850ರ ದಶಕದಲ್ಲಿ ಅಲ್ಲಿಯೇ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಭಾರತೀಯರೊಬ್ಬರು ಅಂಥ ಹುದ್ದೆಗೇರಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿಯೇ. ಅದಕ್ಕೂ ಮುಂಚೆ, 1849ರಲ್ಲಿ, ಗೆಳೆಯರ ಜೊತೆ ಸೇರಿ ಬಾಂಬೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದಿದ್ದರು. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳುಹಿಸಿ ಎಂದು ಕೇಳಿದಾಗ ಬೈಗುಳವನ್ನೂ ತಿಂದಿದ್ದರು. 1851ರಲ್ಲಿ ‘ರಾಸ್ತ್ ಗೋಫ್ತಾರ್’ ಎಂಬ ಗುಜರಾತಿ ಪತ್ರಿಕೆ ಆರಂಭಿಸಿದರು.

1855ರಲ್ಲಿ ಕಾಮಾ ಅಂಡ್ ಕಂಪನಿಯ ಪಾಲುದಾರರಾಗಿ ಲಂಡನ್‌ಗೆ ಹೋದರು. ಆ ಸಂಸ್ಥೆ ಅಫೀಮು ಮತ್ತು ಮದ್ಯದ ವ್ಯವಹಾರದಲ್ಲಿ ತೊಡಗಿದ್ದು ಹಿಡಿಸದೆ ಹೊರಬಂದು, 1859ರಲ್ಲಿ ಸ್ವಂತ ಹತ್ತಿ ವ್ಯಾಪಾರ ಶುರು ಮಾಡಿದರು. ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿಯನ್ನೂ ಕಲಿಸಿದರು. ಹತ್ತಿ ವ್ಯಾಪಾರ ಬಹಳ ಕಾಲ ಉಳಿಯಲಿಲ್ಲ. ಆದರೆ ಲಂಡನ್‌ನಲ್ಲಿ ಅವರಿಗೆ ಬೇರೊಂದು ಅನುಕೂಲ ಸಿಕ್ಕಿತು. ಭಾರತದ ಬಗ್ಗೆ ಸರ್ಕಾರ ಸಂಸತ್ತಿಗೆ ಒಪ್ಪಿಸುತ್ತಿದ್ದ ವರದಿಗಳನ್ನೆಲ್ಲ ಅಲ್ಲಿ ಕೂತು ಓದಬಹುದಿತ್ತು.

ಕ್ಷಾಮದ ನಂತರ ಎದ್ದ ಪ್ರಶ್ನೆ

1866ರಲ್ಲಿ ಒಡಿಶಾದಲ್ಲಿ ಭೀಕರ ಕ್ಷಾಮ ಬಂತು. ಸುಮಾರು 10 ಲಕ್ಷ ಜನ ಸತ್ತರು. ಬ್ರಿಟಿಷ್ ಆಳ್ವಿಕೆಯಲ್ಲಿ ಭಾರತ ಸಮೃದ್ಧವಾಗುತ್ತಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಅದೇ ವರ್ಷ ನವರೋಜಿ ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಸ್ಥಾಪಿಸಿದರು. ಭಾರತದಲ್ಲಿ ಸಂಗ್ರಹವಾಗುವ ಕಂದಾಯದ ಸುಮಾರು ಕಾಲು ಭಾಗ ಇಂಗ್ಲೆಂಡಿಗೆ ಹರಿದುಹೋಗುತ್ತಿದೆ ಎಂದು 1867ರಲ್ಲಿ ಆ ಸಂಘದ ಸಭೆಯಲ್ಲಿ ಲೆಕ್ಕ ಸಮೇತ ಮಂಡಿಸಿದರು.

ಈ ಲೆಕ್ಕದ ದಾರಿ ಸರಳ. ಸಾಮಾನ್ಯವಾಗಿ ಒಂದು ದೇಶ ಸರಕು ಮಾರಿದರೆ ಅದರ ಬೆಲೆ ಲಾಭದ ಸಮೇತ ಮರಳಿ ಬರಬೇಕು. ಆದರೆ ಸರ್ಕಾರವೇ ಪ್ರಕಟಿಸಿದ ವ್ಯಾಪಾರದ ಪಟ್ಟಿಗಳ ಪ್ರಕಾರ ಭಾರತದಿಂದ ಹೊರಹೋಗುವ ಸರಕಿನ ಮೌಲ್ಯ ಒಳಬರುವುದಕ್ಕಿಂತ ಸತತವಾಗಿ ಹೆಚ್ಚಿತ್ತು. ವ್ಯತ್ಯಾಸದ ಹಣ ಬ್ರಿಟಿಷ್ ಅಧಿಕಾರಿಗಳ ಸಂಬಳದ ಉಳಿತಾಯ, ಪಿಂಚಣಿ, ಲಂಡನ್ ಕಚೇರಿಯ ಖರ್ಚು ಮತ್ತು ಸಾಲದ ಬಡ್ಡಿಯ ರೂಪದಲ್ಲಿ ಹೊರಗೇ ಉಳಿಯುತ್ತಿತ್ತು. ಊರಿನಲ್ಲೇ ತಿರುಗಬೇಕಾದ ದುಡ್ಡು ಊರು ಬಿಟ್ಟು ಹೋದರೆ ಹೊಸ ಬಂಡವಾಳ ಹುಟ್ಟುವುದಾದರೂ ಹೇಗೆ ಎಂಬುದು ಅವರ ವಾದದ ತಿರುಳು.

20 ರೂಪಾಯಿಯ ಲೆಕ್ಕ

ಅವರು ಎತ್ತಿಕೊಂಡ ಎರಡನೇ ಪ್ರಶ್ನೆ ಇನ್ನೂ ನೇರವಾದದ್ದು. ಒಬ್ಬ ಭಾರತೀಯನ ವರ್ಷದ ಆದಾಯ ಎಷ್ಟು? ಇದಕ್ಕೆ ಉತ್ತರ ಯಾವ ವರದಿಯಲ್ಲೂ ಸಿದ್ಧವಾಗಿ ಇರಲಿಲ್ಲ. ಪ್ರಾಂತ್ಯಗಳ ಆಡಳಿತ ವರದಿಗಳಿಂದ ಸಾಗುವಳಿ ಭೂಮಿಯ ವಿಸ್ತೀರ್ಣ, ಎಕರೆಗೆ ಸಿಗುವ ಇಳುವರಿ ಮತ್ತು ಧಾನ್ಯದ ಬೆಲೆಯನ್ನು ನವರೋಜಿ ಹೆಕ್ಕಿ ತೆಗೆದರು. ಮೂರನ್ನೂ ಗುಣಿಸಿ ಬೆಳೆಯ ಮೌಲ್ಯ ಕಂಡುಕೊಂಡರು. ಬಿತ್ತನೆಗೆ ಬೇಕಾದ ಬೀಜದ ಪಾಲನ್ನು ಕಳೆದು, ಉಪ್ಪು, ಅಫೀಮು, ಗಣಿ, ಕೈಗಾರಿಕೆ ಇತ್ಯಾದಿಗಳ ಮೌಲ್ಯ ಸೇರಿಸಿದರು. ಬ್ರಿಟಿಷ್ ಆಳ್ವಿಕೆಯ ಭಾರತದ ಒಟ್ಟು ಉತ್ಪನ್ನ ಸುಮಾರು 34 ಕೋಟಿ ಪೌಂಡ್, ಜನಸಂಖ್ಯೆ 17 ಕೋಟಿ. ಅಂದರೆ ತಲೆಗೆ 40 ಶಿಲ್ಲಿಂಗ್, ಆಗಿನ ವಿನಿಮಯದಲ್ಲಿ 20 ರೂಪಾಯಿ. ಭಾರತೀಯರ ತಲಾ ಆದಾಯವನ್ನು ವಿಧಿವತ್ತಾಗಿ ಅಂದಾಜು ಮಾಡಿದ ಮೊದಲ ಪ್ರಯತ್ನ ಇದೇ ಎಂದು ಅರ್ಥಶಾಸ್ತ್ರದ ಪುಸ್ತಕಗಳು ಇಂದಿಗೂ ಗುರುತಿಸುತ್ತವೆ.

ಈ ಕೆಲಸದ ನಡುವೆ ವರದಿಗಳಲ್ಲಿದ್ದ ಒಂದು ತಪ್ಪು ಗಣಿತದ ಮೇಷ್ಟ್ರ ಕಣ್ಣಿಗೆ ಬಿತ್ತು. ಪ್ರಾಂತ್ಯದ ಸರಾಸರಿ ಬೆಲೆ ಹೇಳಲು ಅಧಿಕಾರಿಗಳು ಎಲ್ಲ ಜಿಲ್ಲೆಗಳ ಬೆಲೆಯನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸುತ್ತಿದ್ದರು. ಯಾವ ಜಿಲ್ಲೆಯಲ್ಲಿ ಎಷ್ಟು ಬೆಳೆಯುತ್ತದೆ ಎಂಬುದನ್ನು ನೋಡುತ್ತಿರಲಿಲ್ಲ. ಉದಾಹರಣೆಗೆ, ಒಂದು ಜಿಲ್ಲೆಯಲ್ಲಿ 9 ಲಕ್ಷ ಮಣ ಅಕ್ಕಿ ಬೆಳೆದು ಮಣಕ್ಕೆ 1 ರೂಪಾಯಿ ಇದೆ, ಇನ್ನೊಂದರಲ್ಲಿ 1 ಲಕ್ಷ ಮಣ ಬೆಳೆದು ಬೆಲೆ 3 ರೂಪಾಯಿ ಇದೆ ಎಂದುಕೊಳ್ಳಿ. ಅಧಿಕಾರಿಗಳ ಲೆಕ್ಕದಲ್ಲಿ ಸರಾಸರಿ 2 ರೂಪಾಯಿ, ಬೆಳೆಯ ಒಟ್ಟು ಮೌಲ್ಯ 20 ಲಕ್ಷ. ನಿಜವಾದ ಮೌಲ್ಯ 12 ಲಕ್ಷ ಮಾತ್ರ. ಕಾಗದದ ಮೇಲೆ ರೈತ ಶ್ರೀಮಂತನಾಗುತ್ತಿದ್ದುದು ಹೀಗೆ. ಮಧ್ಯ ಪ್ರಾಂತ್ಯದ ವರದಿಯನ್ನೇ ಮುಂದಿಟ್ಟುಕೊಂಡು ನವರೋಜಿ ಈ ದೋಷವನ್ನು ಬಿಡಿಸಿ ತೋರಿಸಿದರು. ಇಳುವರಿಯ ಸರಾಸರಿಯಲ್ಲೂ ಇಂಥದ್ದೇ ತಪ್ಪು ನಡೆಯುತ್ತಿದೆ ಎಂದರು.

20 ರೂಪಾಯಿ ಕಡಿಮೆಯೋ ಸಾಕಾಗುವಷ್ಟೋ ಎಂದು ನಿರ್ಧರಿಸಲೂ ಅವರು ಸರ್ಕಾರದ ದಾಖಲೆಗಳನ್ನೇ ತೆರೆದರು. ಹಡಗಿನಲ್ಲಿ ಹೊರದೇಶಕ್ಕೆ ಹೋಗುವ ಕೂಲಿಗಳಿಗೆ ಎಷ್ಟು ಆಹಾರ ಕೊಡಬೇಕೆಂದು ಸರ್ಕಾರದ ವೈದ್ಯಾಧಿಕಾರಿ ನಿಗದಿ ಮಾಡಿದ್ದ ಪಟ್ಟಿಯಿತ್ತು. ಜೈಲುಗಳಲ್ಲಿ ಕೈದಿಯ ಊಟ-ಬಟ್ಟೆಗೆ ಆಗುವ ಖರ್ಚು ಆಡಳಿತ ವರದಿಗಳಲ್ಲೇ ಅಚ್ಚಾಗಿತ್ತು. ಇವುಗಳ ಆಧಾರದ ಮೇಲೆ ಬದುಕುಳಿಯಲು ವರ್ಷಕ್ಕೆ ಪ್ರದೇಶವಾರು 16ರಿಂದ 35 ರೂಪಾಯಿ ಬೇಕು ಎಂದು ಅಂದಾಜಿಸಿದರು. ಭಾರತದ ಮೊದಲ ಬಡತನ ರೇಖೆ ಎಂದು ಈಗ ಕರೆಯುವುದು ಇದನ್ನೇ. ಜೈಲಿನ ಕೈದಿಗೆ ಸಿಗುವಷ್ಟೂ ಹೊರಗೆ ದುಡಿಯುವ ರೈತನಿಗೆ ಸಿಗುತ್ತಿಲ್ಲ ಎಂಬ ಅವರ ತೀರ್ಮಾನವನ್ನು ತಳ್ಳಿಹಾಕುವುದು ಸರ್ಕಾರಕ್ಕೆ ಸುಲಭವಿರಲಿಲ್ಲ. ಅಂಕಿಗಳೆಲ್ಲ ಅದರದ್ದೇ ಆಗಿದ್ದವು.

ಫಲಿತಾಂಶ ಇದೆ, ಲೆಕ್ಕ ಇಲ್ಲ

ಹಾಗಂತ ಸರ್ಕಾರ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಭಾರತದ ಹಣಕಾಸು ಕುರಿತ ಸಂಸದೀಯ ಆಯ್ಕೆ ಸಮಿತಿಗೆ 1873ರಲ್ಲಿ ನವರೋಜಿ ತಮ್ಮ ಟಿಪ್ಪಣಿಗಳನ್ನು ಒಪ್ಪಿಸಿದರು. ಸಮಿತಿ ಅವನ್ನು ತೆಗೆದುಕೊಂಡಿತು, ಆದರೆ ವರದಿಯಲ್ಲಿ ಪ್ರಕಟಿಸಲಿಲ್ಲ. 1876ರಲ್ಲಿ ಅವರು ಅದೇ ಲೆಕ್ಕವನ್ನು ಬಾಂಬೆಯ ಸಭೆಯಲ್ಲಿ ಓದಿದರು. ಆಮೇಲೆ ಅದು ಪುಸ್ತಿಕೆಯಾಗಿ ಬಂತು.

ಇಂಡಿಯಾ ಆಫೀಸಿನ ಅಧಿಕಾರಿ ಡ್ಯಾನ್ವರ್ಸ್ 1880ರಲ್ಲಿ ಪಂಜಾಬ್ ಲೆಕ್ಕದ ಬಗ್ಗೆ ಆಕ್ಷೇಪ ಎತ್ತಿದರು. ನವರೋಜಿ ಹಲವು ಬಗೆಯ ಗಳಿಕೆಯನ್ನು ಬಿಟ್ಟಿದ್ದಾರೆ ಎಂಬುದು ಅವರ ವಾದ. ನವರೋಜಿ ಒಂದೊಂದಕ್ಕೂ ಉತ್ತರ ಬರೆದರು. ಬೆಳೆ, ಸರಕಿನಂಥ ಭೌತಿಕ ಉತ್ಪನ್ನ ಮಾತ್ರ ಹೊಸ ಸಂಪತ್ತು, ಸಂಬಳ ಮತ್ತು ಸೇವೆ ಅದೇ ಸಂಪತ್ತಿನ ಹಂಚಿಕೆ ಎಂಬುದು ಅವರ ನಿಲುವು. ಇಂದಿನ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸೇವೆಗಳೂ ಸೇರುತ್ತವೆ. ಆ ಅಳತೆಯಲ್ಲಿ 20 ರೂಪಾಯಿ ಕಡಿಮೆ ಅಂದಾಜು ಎನ್ನುವವರಿದ್ದಾರೆ. ಸೋರಿಕೆಯ ಗಾತ್ರದ ಬಗ್ಗೆಯೂ ಇತಿಹಾಸಕಾರರಲ್ಲಿ ಚರ್ಚೆ ಮುಗಿದಿಲ್ಲ. ಆದರೆ ಈ ಚರ್ಚೆಗಳೆಲ್ಲ ಸಾಧ್ಯವಾಗಿರುವುದು ನವರೋಜಿ ತಮ್ಮ ಲೆಕ್ಕದ ಪ್ರತಿ ಹಂತವನ್ನೂ ಬಿಚ್ಚಿಟ್ಟಿದ್ದರಿಂದ.

ಸರ್ಕಾರ ಹಾಗೆ ಮಾಡಲಿಲ್ಲ. ಭಾರತೀಯನ ತಲಾ ಆದಾಯ 27 ರೂಪಾಯಿ ಎಂದು ವೈಸ್‌ರಾಯ್ ಮಂಡಳಿಯ ಹಣಕಾಸು ಸದಸ್ಯ ಈವ್ಲಿನ್ ಬೇರಿಂಗ್ 1882ರಲ್ಲಿ ಘೋಷಿಸಿದರು. ಈ ಅಂಕಿ ಬಂದದ್ದು ಹೇಗೆ, ವಿವರ ಕೊಡಿ ಎಂದು ನವರೋಜಿ ಕೇಳಿದರು. ಬೇರಿಂಗ್ ಕೊಡಲಿಲ್ಲ. 27 ರೂಪಾಯಿಯೇ ನಿಜವಾದರೂ ಭಾರತ ಕಡುಬಡ ದೇಶವೇ ಎಂಬುದು ನವರೋಜಿ ಅವರ ಉತ್ತರವಾಗಿತ್ತು. ಅವರ ಅಸಲಿ ತಕರಾರು ಬೇರೆ. ಫಲಿತಾಂಶವನ್ನಷ್ಟೇ ಹೇಳಿ ಲೆಕ್ಕ ಮುಚ್ಚಿಟ್ಟರೆ ಅದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿಯೇ ಮುಚ್ಚಿಹೋಗುತ್ತದೆ. ದೇಶದ ಉತ್ಪನ್ನ, ಜನರ ಅಗತ್ಯ, ಬೆಲೆಗಳ ಪೂರ್ಣ ವಿವರವನ್ನು ಪ್ರತಿ ವರ್ಷ ಪ್ರಕಟಿಸಬೇಕು ಎಂಬುದು ಅವರ ನಿರಂತರ ಬೇಡಿಕೆಯಾಗಿತ್ತು. 1901ರಲ್ಲಿ ವೈಸ್‌ರಾಯ್ ಕರ್ಜನ್ ತಲಾ ಆದಾಯ 30 ರೂಪಾಯಿಗೆ ಏರಿದೆ ಎಂದಾಗಲೂ ವಾದ ಮತ್ತೆ ಶುರುವಾಯಿತು.

ಮೂರು ಮತಗಳ ಗೆಲುವು

ನಡುವೆ 1874ರಲ್ಲಿ ಬರೋಡಾ ಸಂಸ್ಥಾನದ ದಿವಾನರಾಗಿ, ಅರಮನೆಯ ಒಳಜಗಳ ಮತ್ತು ಬ್ರಿಟಿಷ್ ರೆಸಿಡೆಂಟ್‌ನ ವಿರೋಧದ ಮಧ್ಯೆ ಕೆಲಕಾಲ ಕೆಲಸ ಮಾಡಿದ್ದರು. ಬಾಂಬೆ ಪಾಲಿಕೆಯ ಸದಸ್ಯರೂ ಆಗಿದ್ದರು. 1885ರಲ್ಲಿ ಕಾಂಗ್ರೆಸ್ ಹುಟ್ಟಿದಾಗ ಸ್ಥಾಪಕರ ಸಾಲಿನಲ್ಲಿದ್ದರು. 1886, 1893 ಮತ್ತು 1906ರಲ್ಲಿ ಅಧ್ಯಕ್ಷರಾದರು.

ಲಂಡನ್‌ನಲ್ಲಿ ನಿರ್ಧಾರವಾಗುವ ವಿಷಯವನ್ನು ಲಂಡನ್‌ನಲ್ಲೇ ಪ್ರಶ್ನಿಸಬೇಕು ಎಂದು 1886ರಲ್ಲಿ ಚುನಾವಣೆಗೆ ನಿಂತು ಸೋತರು. ಕರಿಯನೊಬ್ಬನನ್ನು ಇಂಗ್ಲಿಷ್ ಮತದಾರರು ಆರಿಸುವುದಿಲ್ಲ ಎಂಬರ್ಥದ ಮಾತನ್ನು ಪ್ರಧಾನಿ ಸಾಲಿಸ್‌ಬರಿ 1888ರಲ್ಲಿ ಆಡಿ ಟೀಕೆಗೆ ಗುರಿಯಾದರು. ಅದರಿಂದ ನವರೋಜಿ ಹೆಸರು ಮನೆಮಾತಾಯಿತು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಲಿಬರಲ್ ಅಭ್ಯರ್ಥಿಯಾಗಿ ಕೇವಲ ಮೂರು ಮತಗಳ ಅಂತರದಿಂದ ಗೆದ್ದರು.

ಐಸಿಎಸ್ ಪರೀಕ್ಷೆಯನ್ನು ಇಂಗ್ಲೆಂಡ್ ಮತ್ತು ಭಾರತ ಎರಡೂ ಕಡೆ ಏಕಕಾಲಕ್ಕೆ ನಡೆಸಬೇಕೆಂಬ ನಿರ್ಣಯ 1893ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ಭಾರತದಲ್ಲಿ ಆ ಪರೀಕ್ಷೆ ನಡೆದದ್ದು 1922ರಲ್ಲಿ, ನವರೋಜಿ ತೀರಿಕೊಂಡ ಮೇಲೆ. 1894ರಲ್ಲಿ ಅವರು ಭಾರತೀಯರ ಸ್ಥಿತಿಗತಿಯ ಬಗ್ಗೆ ಸಂಸತ್ತು ಪೂರ್ಣ ವಿಚಾರಣೆ ನಡೆಸಬೇಕೆಂದು ಒತ್ತಾಯಿಸಿದರು. ಮರುವರ್ಷ ಭಾರತದ ಖರ್ಚುವೆಚ್ಚದ ಬಗ್ಗೆ ವೆಲ್ಬಿ ಆಯೋಗ ರಚನೆಯಾಯಿತು. ನವರೋಜಿ ಆ ಆಯೋಗದ ಸದಸ್ಯರಾದರು. ಬಹುಮತದ ವರದಿಯನ್ನು ಒಪ್ಪದೆ ಇನ್ನಿಬ್ಬರ ಜೊತೆ ಸೇರಿ ಪ್ರತ್ಯೇಕ ವರದಿ ಕೊಟ್ಟರು. 1901ರಲ್ಲಿ ಮೂರು ದಶಕಗಳ ಲೆಕ್ಕ, ಪತ್ರ, ಭಾಷಣಗಳೆಲ್ಲ ‘ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ’ ಎಂಬ ದಪ್ಪ ಗ್ರಂಥವಾಗಿ ಹೊರಬಂದವು.

ಮನವಿ, ವಿಚಾರಣೆ, ಆಯೋಗ ಎಲ್ಲವನ್ನೂ ನೋಡಿದ ಮೇಲೆ 1906ರ ಕಲ್ಕತ್ತಾ ಅಧಿವೇಶನದ ಅಧ್ಯಕ್ಷ ಪೀಠದಿಂದ 81ರ ನವರೋಜಿ ಸ್ವರಾಜ್ಯವೇ ಗುರಿ ಎಂದು ಸಾರಿದರು. ತಮ್ಮ ದುಡ್ಡಿನ ಲೆಕ್ಕ ಕೇಳುವ ಅಧಿಕಾರವೇ ಜನರಿಗೆ ಇಲ್ಲದಿದ್ದರೆ ಉಳಿದ ಸುಧಾರಣೆಗಳು ನಿಲ್ಲುವುದಿಲ್ಲ ಎಂಬಲ್ಲಿಗೆ ಅವರ ಗಣಿತ ಬಂದು ಮುಟ್ಟಿತ್ತು. 1907ರಲ್ಲಿ ಭಾರತಕ್ಕೆ ಮರಳಿ ಬಾಂಬೆಯ ವರ್ಸೋವಾದಲ್ಲಿ ನೆಲೆಸಿದರು. 1917ರ ಜೂನ್ 30ರಂದು, 91ನೇ ವಯಸ್ಸಿನಲ್ಲಿ ನಿಧನರಾದರು.

ಅವರ ನಂತರ

ನವರೋಜಿ ಹಾಕಿಕೊಟ್ಟ ದಾರಿಯಲ್ಲಿ ರಾಷ್ಟ್ರೀಯ ಆದಾಯದ ಲೆಕ್ಕವನ್ನು ಶಾಸ್ತ್ರೀಯ ಮಟ್ಟಕ್ಕೆ ಒಯ್ದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಕಟ್ಟಿದವರು ಅವರೇ. ಸ್ವತಂತ್ರ ಭಾರತ 1949ರಲ್ಲಿ ರಚಿಸಿದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಮಹಾಲನೋಬಿಸ್ ಮತ್ತು ಗಾಡ್ಗೀಳ್ ಜೊತೆ ರಾವ್ ಕೂಡ ಇದ್ದರು.

ಈಗ ದೇಶದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಅದಕ್ಕೂ ಮುಂಚೆಯೇ, 2000ದಲ್ಲಿ, ಕರ್ನಾಟಕ ತನ್ನದೇ ಕಾಯ್ದೆ ತಂದಿತ್ತು. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆ ನೀತಿ ಪ್ರಕಟಿಸಿ, ಇಲಾಖೆಗಳ ಮಾಹಿತಿಯನ್ನು ಒಂದೇ ಕಡೆ ಸಿಗುವಂತೆ ಮಾಡಲು ಮುಕ್ತ ದತ್ತಾಂಶ ಜಾಲತಾಣ ಆರಂಭಿಸಿತು. ವಾರ್ಡಿನ ರಸ್ತೆ ಕಾಮಗಾರಿಯಿಂದ ಹಿಡಿದು ಮಳೆಯ ಪ್ರಮಾಣದವರೆಗೆ ಪ್ರಶ್ನೆ ಕೇಳಲು ನವರೋಜಿ ಕಾಲದಲ್ಲಿ ಇಲ್ಲದ ಅನುಕೂಲ ಇಂದಿನ ನಾಗರಿಕನಿಗಿದೆ. ಆದರೂ ತಕರಾರು ನಿಂತಿಲ್ಲ. 2017-18ರ ಗ್ರಾಹಕ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟದ ಕಾರಣ ನೀಡಿ ಬಿಡುಗಡೆ ಮಾಡುವುದಿಲ್ಲ ಎಂದು ಕೇಂದ್ರ 2019ರಲ್ಲಿ ಪ್ರಕಟಿಸಿದಾಗ ಅರ್ಥಶಾಸ್ತ್ರಜ್ಞರು ಕೇಳಿದ್ದೂ ಇದನ್ನೇ: ದೋಷವಿದ್ದರೆ ಇರಲಿ, ದತ್ತಾಂಶ ಹೊರಗಿಡಿ, ಪರೀಕ್ಷಿಸುತ್ತೇವೆ.

ಬೇರಿಂಗ್ ಅವರ 27 ರೂಪಾಯಿ ಇತಿಹಾಸದಲ್ಲಿ ಒಂದು ಹೇಳಿಕೆಯಾಗಿ ಉಳಿಯಿತು. ನವರೋಜಿ ಅವರ 20 ರೂಪಾಯಿಯನ್ನು ಇವತ್ತಿಗೂ ಯಾರು ಬೇಕಾದರೂ ಮೊದಲಿನಿಂದ ಲೆಕ್ಕ ಹಾಕಿ, ಸರಿ ಎನ್ನಬಹುದು, ತಪ್ಪೂ ಎನ್ನಬಹುದು.