ಏಳು ಬೀಜ ತಂದ ಬಾಬಾ ಬುಡನ್

ಸಕಲೇಶಪುರ, ಆಲೂರು ಕಡೆಯವರು ಬೆಳಗ್ಗೆ ಪೇಪರ್ ಬಿಡಿಸಿದ ಕೂಡಲೇ ಹುಡುಕುವುದು ಮೂರು ಸುದ್ದಿ. ಆನೆ ಯಾವ ತೋಟದಲ್ಲಿದೆ, ಶಿರಾಡಿ ಘಾಟಿ ತೆರೆದಿದೆಯಾ, ಕಾಫಿ ರೇಟ್ ಎಷ್ಟು. 2025ರ ಆರಂಭದಲ್ಲಿ 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟ್ ಚೀಲದ ಬೆಲೆ 25 ಸಾವಿರ ರೂಪಾಯಿ ದಾಟಿದಾಗ ಬಸ್ ಸ್ಟ್ಯಾಂಡಿನಿಂದ ಮಸೀದಿ ಅಂಗಳದವರೆಗೆ ಅದೇ ಮಾತು. ತೋಟ ಇದ್ದವರು ಅಲ್‌ಹಂದುಲಿಲ್ಲಾಹ್ ಅಂದರು. ತೋಟ ಇಲ್ಲದವರು ಕಾಫಿಪುಡಿ ದುಬಾರಿ ಆಯ್ತು ಅಂತ ಗೊಣಗಿದರು. ಇಬ್ಬರ ಮಾತೂ ರೇಟಿನದ್ದೇ. ಈ ಗಿಡ ನಮ್ಮ ಗುಡ್ಡಕ್ಕೆ ಬಂದದ್ದು ಹೇಗೆ, ತಂದವರು ಯಾರು ಅನ್ನುವ ಮಾತು ಮಾತ್ರ ಎಲ್ಲೂ ಬರಲಿಲ್ಲ.

ಇಮಾಮ್ ಗಝ್ಝಾಲಿ (1058–1111) ತಮ್ಮ ಇಹ್ಯಾ ಉಲೂಮಿದ್ದೀನ್ ಗ್ರಂಥದಲ್ಲಿ ಸಹನೆ ಮತ್ತು ಕೃತಜ್ಞತೆಗೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಅನುಗ್ರಹವನ್ನು ಗುರುತಿಸದೆ ಶುಕ್ರ್ ಮಾಡಲು ಆಗುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ಅವರು ಹಿಡಿದ ದಾರಿ ತುಂಬಾ ಸರಳ. ಕೈಯಲ್ಲಿರುವ ಒಂದು ತುಂಡು ರೊಟ್ಟಿಯಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಎಣಿಸುತ್ತಾ ಹೋಗುತ್ತಾರೆ. ಸುಟ್ಟವರು, ಬೀಸಿದವರು, ಕೊಯ್ದವರು, ಉತ್ತವರು, ನೇಗಿಲು ಮಾಡಿದ ಬಡಗಿ, ಕುಳ ಬಡಿದ ಕಮ್ಮಾರ, ಮಳೆ, ಮಣ್ಣು. ಹೀಗೆ ಲೆಕ್ಕ ಹಾಕಿದರೆ ತುತ್ತು ರೊಟ್ಟಿಯ ಹಿಂದೆ ಒಂದು ಊರೇ ನಿಂತಿರುತ್ತದೆ. ಅದೇ ಲೆಕ್ಕವನ್ನು ನಮ್ಮ ಬೆಳಗಿನ ಬೆಲ್ಲದ ಕಾಫಿಯಿಂದ ಶುರು ಮಾಡಿ ನೋಡಿ. ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಬೆಟ್ಟದಲ್ಲಿ ಒಬ್ಬ ಫಕೀರರು ಸಿಗುತ್ತಾರೆ. ಅವರೇ ಬಾಬಾ ಬುಡನ್.

ಅವರು 17ನೇ ಶತಮಾನದ ಸೂಫಿ ಸಂತರು ಎಂಬುದು ಬೆಟ್ಟದ ಕಡೆಯ ನಂಬಿಕೆ. ಆ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1900 ಮೀಟರ್ ಎತ್ತರದಲ್ಲಿ, ಒಂದು ಗುಹೆ ಇದೆ. ದಾದಾ ಹಯಾತ್ ಮೀರ್ ಖಲಂದರ್ ಅವರ ಹೆಸರಿನಲ್ಲಿ ಮುಸ್ಲಿಮರು ಅಲ್ಲಿಗೆ ಝಿಯಾರತ್‌ಗೆ ಹೋಗುತ್ತಾರೆ. ದತ್ತಾತ್ರೇಯ ಪೀಠ ಎಂದು ಹಿಂದೂ ಬಾಂಧವರು ಹೋಗುತ್ತಾರೆ. ಬಾಬಾ ಬುಡನ್ ನೆಲೆಸಿದ್ದು ಅಲ್ಲೇ. ಹೊದಿಯಲು ಕಂಬಳಿ, ಕುಡಿಯಲು ಬೆಟ್ಟದ ನೀರು, ಉಳಿದದ್ದೆಲ್ಲ ಬಂದ ಹಾಗೆ. ಸೂಫಿಗಳ ಬದುಕು ಹೆಚ್ಚುಕಮ್ಮಿ ಹಾಗೇ ಇರುತ್ತಿತ್ತು.

ಅಲ್ಲಿಂದ ಅವರು ಹಜ್ಜ್‌ಗೆ ಹೊರಟರು. ಈಗ ವಿಮಾನ ಹತ್ತಿದರೆ ಆರು ಗಂಟೆಯೊಳಗೆ ಜಿದ್ದಾ. ಆ ಕಾಲದ ಹಜ್ಜ್ ಅಂದರೆ ತಿಂಗಳುಗಟ್ಟಲೆ ದಾರಿ. ಬೆಟ್ಟ ಇಳಿದು, ಘಾಟಿಯ ಕಾಡು ದಾಟಿ, ಕರಾವಳಿಯಲ್ಲಿ ಹಡಗಿಗೆ ಕಾಯಬೇಕು. ಹಡಗು ಹೊರಡುವುದು ನಮ್ಮ ಅನುಕೂಲಕ್ಕಲ್ಲ, ಗಾಳಿಯ ಅನುಕೂಲಕ್ಕೆ. ಒಂದು ಕಾಲದಲ್ಲಿ ಗಾಳಿ ಅರಬ್ಬಿ ನಾಡಿನ ಕಡೆ ಕರೆದೊಯ್ಯುತ್ತದೆ, ಇನ್ನೊಂದು ಕಾಲದಲ್ಲಿ ನೈರುತ್ಯ ಮಾರುತ ಇತ್ತ ಕರೆತರುತ್ತದೆ. ನಡುವೆ ಬಿರುಗಾಳಿ, ಕಡಲ್ಗಳ್ಳರು, ಪೋರ್ಚುಗೀಸರ ಕಾಟ. ಹೋದವರು ವಾಪಸ್ ಬಂದರೆ ಊರಿಗೆ ಊರೇ ನೋಡಲು ಬರುತ್ತಿತ್ತು.

ಅರಬ್ಬಿ ನಾಡಿನಲ್ಲಿ ಅವರು ಕಹ್ವಾ ಕಂಡರು. ಕಾಫಿ ಗಿಡದ ತವರು ಇಥಿಯೋಪಿಯ ಆದರೂ ಅದನ್ನು ಬೆಳೆಯಾಗಿ ಬೆಳೆದು, ಪಾನೀಯವಾಗಿ ಕುಡಿದು ಜಗತ್ತಿಗೆ ತೋರಿಸಿದ್ದು ಯಮನ್. 15ನೇ ಶತಮಾನದಲ್ಲೇ ಅಲ್ಲಿನ ಸೂಫಿಗಳು ರಾತ್ರಿಯ ದಿಕ್ರ್‌ಗೆ ನಿದ್ದೆ ಬಾರದಿರಲಿ ಅಂತ ಇದನ್ನು ಕುಡಿಯುತ್ತಿದ್ದರು. ಮೊದಮೊದಲು ವಿರೋಧವೂ ಇತ್ತು. 1511ರಲ್ಲಿ ಮಕ್ಕಾದಲ್ಲಿ ಖೈರ್ ಬೇಗ್ ಎಂಬ ಅಧಿಕಾರಿ ಕಾಫಿಯನ್ನೇ ನಿಷೇಧಿಸಿದ್ದ. ನಿಷೇಧ ಹೆಚ್ಚು ಕಾಲ ನಿಲ್ಲಲಿಲ್ಲ ಅನ್ನಿ. ಬಾಬಾ ಬುಡನ್ ಹೋಗುವ ಹೊತ್ತಿಗೆ ಹಾಜಿಗಳ ದಾರಿಯಲ್ಲೆಲ್ಲ ಕಾಫಿಯ ಪರಿಮಳ. ಕೆಂಪು ಸಮುದ್ರದ ದಂಡೆಯ ಮೋಖಾ ಬಂದರಿನಿಂದ ಹಡಗುಗಟ್ಟಲೆ ಕಾಫಿ ಹೊರಗೆ ಹೋಗುತ್ತಿತ್ತು.

ಹೋಗುತ್ತಿದ್ದದ್ದು ಕುಡಿಯುವ ಕಾಫಿ, ಮೊಳೆಯುವ ಕಾಫಿ ಅಲ್ಲ. ಜೀವ ಇರುವ ಬೀಜ ಹೊರನಾಡಿಗೆ ಹೋಗಬಾರದು ಎಂದು ಅಲ್ಲಿ ಕಟ್ಟುಪಾಡು. ಬೇಯಿಸಿಯೋ ಹುರಿದೋ ಕಳಿಸುತ್ತಿದ್ದರು ಎಂದು ಹೇಳುತ್ತಾರೆ. ಬಾಬಾ ಬುಡನ್ ಏಳು ಹಸಿ ಬೀಜ ಬಚ್ಚಿಟ್ಟುಕೊಂಡು ತಂದರು. ಗಡ್ಡದಲ್ಲಿ ಅಂತ ಕೆಲವರು, ಸೊಂಟಕ್ಕೆ ಕಟ್ಟಿಕೊಂಡು ಅಂತ ಕೆಲವರು. ಏಳೇ ಯಾಕೆ? ಕಅಬಾಕ್ಕೆ ಸುತ್ತು ಏಳು, ಸಫಾ ಮರ್ವಾ ನಡುವೆ ನಡಿಗೆ ಏಳು, ಮಿನಾದಲ್ಲಿ ಎಸೆಯುವ ಕಲ್ಲು ಏಳೇಳು. ಹಜ್ಜ್ ಮುಗಿಸಿ ಬಂದವರ ಕೈಬೆರಳು ತಾನಾಗೇ ಏಳಕ್ಕೆ ನಿಂತಿರಬೇಕು.

ಈ ಕಥೆ ಹೇಳಿದಾಗಲೆಲ್ಲ ಮದ್ರಸದ ಮಕ್ಕಳು ಒಂದೇ ಪ್ರಶ್ನೆ ಕೇಳ್ತಾರೆ: ಉಸ್ತಾದ್, ಅದು ಕದ್ದ ಹಾಗೆ ಆಗ್ಲಿಲ್ವಾ? ಕೇಳಬೇಕಾದ ಪ್ರಶ್ನೆಯೇ. ಆ ನಾಡಿನ ಕಟ್ಟಳೆ ಮೀರಿದ್ದು ಹೌದು, ಅದಕ್ಕೆ ಕರಾಮತ್ತಿನ ಬಣ್ಣ ಬಳಿಯುವುದು ನನಗೆ ಇಷ್ಟ ಇಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಯಾರದೋ ಗೋದಾಮಿನಿಂದ ಮೂಟೆ ಹೊತ್ತದ್ದಲ್ಲ ಅದು. ಅಲ್ಲಾಹನು ಮಣ್ಣಿಗೆ ಅಂತ ಕೊಟ್ಟ ಬೀಜಕ್ಕೆ ವ್ಯಾಪಾರಕ್ಕಾಗಿ ಹಾಕಿದ್ದ ಬೀಗ ದಾಟಿ ತಂದದ್ದು. ತಂದ ಮೇಲೆ ಅವರ ಕಥೆಯಲ್ಲಿ ಎಲ್ಲೂ ಮಾರಾಟದ ಮಾತು ಬರುವುದಿಲ್ಲ. ತಮ್ಮದೇ ಆದ ಇನ್ನೊಂದು ಬೀಗ ಹಾಕಿಕೊಂಡ ಸುದ್ದಿಯೂ ಇಲ್ಲ. ಬೆಟ್ಟದ ಇಳಿಜಾರಿನಲ್ಲಿ ನೆಟ್ಟರು, ಬೇಕಾದವರು ಒಯ್ದರು.

ನೆಟ್ಟರು ಅಂತ ಒಂದೇ ಪದದಲ್ಲಿ ಹೇಳಿ ಮುಗಿಸುತ್ತೇವೆ. ನರ್ಸರಿ ಮಾಡಿದವರಿಗೆ ಅದರ ಕಷ್ಟ ಗೊತ್ತು. ಕಾಫಿ ಬೀಜ ಭತ್ತದ ಹಾಗೆ ವರ್ಷಗಟ್ಟಲೆ ಕಾದು ಕೂರುವುದಿಲ್ಲ. ಕೆಲವೇ ತಿಂಗಳಲ್ಲಿ ಅದರ ಜೀವ ಹೋಗುತ್ತದೆ. ಅಂದರೆ ಸಮುದ್ರದ ಮೇಲಿನ ಪ್ರತಿ ದಿನವೂ ಲೆಕ್ಕದ ದಿನವೇ. ಗಾಳಿ ತಡವಾಗಿದ್ದರೆ ಬೆಟ್ಟಕ್ಕೆ ಬರುತ್ತಿದ್ದದ್ದು ಏಳು ಒಣ ಕಾಳು ಮಾತ್ರ. ಮಣ್ಣಿಗೆ ಹಾಕಿದ ಮೇಲೂ ಮೊಳಕೆ ಬರಲು ಒಂದೂವರೆ ಎರಡು ತಿಂಗಳು ಬೇಕು. ಆಮೇಲೆ ಬೀಜವನ್ನೇ ತಲೆ ಮೇಲೆ ಟೋಪಿಯ ಹಾಗೆ ಹೊತ್ತುಕೊಂಡು ಒಂದು ಪುಟ್ಟ ದಂಟು ಏಳುತ್ತದೆ. ನಮ್ಮ ನರ್ಸರಿಗಳಲ್ಲಿ ಅದನ್ನು ಟೋಪಿ ಗಿಡ ಅಂತಲೇ ಕರೆಯುತ್ತಾರೆ. ಟೋಪಿ ಬಿದ್ದು ಎರಡು ದುಂಡು ಎಲೆ ಬಿಚ್ಚಿದರೆ ಗಿಡ ಉಳಿಯಿತು. ಮೊದಲ ಹಣ್ಣು ಕಾಣಲು ಇನ್ನೂ ಮೂರು ನಾಲ್ಕು ವರ್ಷ. ತಂದವರು ಹೆಸರಿಗೋ ಹಣಕ್ಕೋ ತಂದಿದ್ದರೆ ಇಷ್ಟು ಕಾಯುತ್ತಿರಲಿಲ್ಲ ಅಂತ ನನಗನಿಸುತ್ತೆ. ಒಬ್ಬ ನೆಟ್ಟ ಮರದಿಂದ ಮನುಷ್ಯರೋ ಹಕ್ಕಿಯೋ ತಿಂದರೂ ನೆಟ್ಟವನಿಗೆ ಅದು ಸದಕಾ ಎಂದು ಓದಿಕೊಂಡ ಸೂಫಿಗೆ ಕಾಯುವುದೇ ಒಂದು ಇಬಾದತ್.

ಇದು ನಡೆದದ್ದು 1670ರ ಸುಮಾರಿಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ನಂತರದ ಬಹುಕಾಲ ಕಾಫಿ ಬೆಟ್ಟದ ಕಡೆಯವರ ಹಿತ್ತಲ ಗಿಡವಾಗಿತ್ತು. ಅದರ ನಡುವೆಯೇ 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿ ಸಸಿ ಜಾವಾಕ್ಕೆ ಒಯ್ದರು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಪ್ಯಾರಿಸ್, ಅಲ್ಲಿಂದ ಅಮೆರಿಕದ ಕಡೆಯ ದ್ವೀಪಗಳು. ಮಲಬಾರಿನ ಆ ಸಸಿಗಳು ಬಾಬಾ ಬುಡನ್ ಗಿಡಗಳ ಸಂತತಿ ಎಂದು ನಂಬುವವರು ಹಲವರು. ಹಾಗಿದ್ದರೆ ಲ್ಯಾಟಿನ್ ಅಮೆರಿಕದ ರೈತನೂ ಈ ಫಕೀರರಿಗೆ ಒಂದು ಸಲಾಂ ಬಾಕಿ ಇಟ್ಟಿದ್ದಾನೆ.

ದೊಡ್ಡ ತೋಟ ಬಂದದ್ದು ಬ್ರಿಟಿಷರ ಕಾಲಕ್ಕೆ, 19ನೇ ಶತಮಾನದಲ್ಲಿ. ಆಗ ಸಕಲೇಶಪುರದ ಸೀಮೆಗೆ ಮಂಜರಾಬಾದ್ ಅಂತಲೇ ಹೆಸರು. ಇಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ಕಾಫಿ ಹಾಕಿದ. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್ ಬಂದು ತೋಟ ಮಾಡಿ, ಮೈಸೂರಿನ ಕಾಫಿ ಬಗ್ಗೆ ಪುಸ್ತಕವನ್ನೂ ಬರೆದ. ಚಿಕ್ಕಮಗಳೂರಿನ ಹಳೆಯ ತಳಿಗೆ ಅವರೆಲ್ಲ ಚಿಕ್ ಅಂತ ಕರೆಯುತ್ತಿದ್ದರು. 1860ರ ದಶಕದಲ್ಲಿ ಕಾಂಡಕೊರಕ ಹುಳ ಬಂದು ಆ ಗಿಡಗಳನ್ನು ಬಹುಮಟ್ಟಿಗೆ ಮುಗಿಸಿಬಿಟ್ಟಿತು. ಕೊಡಗಿನ ಬೀಜ ತಂದು ಮತ್ತೆ ತೋಟ ಕಟ್ಟಬೇಕಾಯಿತು. ಈಗ ನಾವು ನೋಡುವ ಎಸ್.795 ತಳಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಕೊಡುಗೆ. ಆ ಕೇಂದ್ರ ಶುರುವಾದದ್ದು 1925ರಲ್ಲಿ. ಎಸ್.795ರ ಒಂದು ಕಡೆಯ ಹಿರಿಯ ಕೆಂಟ್ಸ್, ಮೈಸೂರು ಸೀಮೆಯ ತೋಟದಲ್ಲೇ ಆರಿಸಿದ ಹಳೆ ಅರೇಬಿಕಾ. ರೊಬಸ್ಟಾ ಬೇರೆಯೇ ಮನೆತನ, ಅದು ಬಂದದ್ದು ತಡವಾಗಿ.

2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹೆಸರು ಈಗ ಚೀಲದ ಮೇಲೆ, ವಿದೇಶದ ಅಂಗಡಿಯ ಕಪಾಟಿನ ಮೇಲೆ. ನಮ್ಮಲ್ಲಿ ಆ ಹೆಸರು ಡಿಸೆಂಬರ್‌ನಲ್ಲಿ ಪೊಲೀಸ್ ಬಂದೋಬಸ್ತ್ ಸುದ್ದಿಯ ಜೊತೆ ಬರುತ್ತೆ. ಬೆಳಗ್ಗೆ ಲೋಟ ಕೈಗೆತ್ತಿಕೊಳ್ಳುವಾಗ ಬರಲ್ಲ. ಅವರ ಹೆಸರಿಗೆ ಜಗಳ ಮಾಡುವವರೂ ಜಗಳದಿಂದ ದೂರ ಇರುವವರೂ ಕುಡಿಯುವುದು ಅದೇ ಕಾಫಿ.

ಮನುಷ್ಯರಿಗೆ ಹೇಳಬೇಕಾದ ಉಪಕಾರವನ್ನು ಶುಕ್ರ್‌ನಿಂದ ಬೇರೆ ಮಾಡಬಾರದು ಅಂತ ನಮ್ಮ ದೀನ್ ಕಲಿಸುತ್ತದೆ. ಹಾಗಾಗಿ ಲೆಕ್ಕ ಬಾಬಾ ಬುಡನ್ ಹತ್ತಿರ ನಿಲ್ಲಬಾರದು, ಅವರಿಂದ ಈಚೆಗೂ ಬರಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಹೂಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗೆ, ಮಲ್ಲಿಗೆ ಘಮ. ಆ ಒಂದು ಮಳೆ ತಪ್ಪಿದರೆ ರೇಟ್ ಎಷ್ಟಿದ್ದೂ ಏನು ಮಾಡುವುದು? ಹಣ್ಣಾದ ಮೇಲೆ ಕೊಯ್ಲು. ಒಂದು ಕೆ.ಜಿ. ಕಾಫಿ ಬೀಜಕ್ಕೆ ಐದಾರು ಕೆ.ಜಿ. ಹಣ್ಣು ಕೀಳಬೇಕು, ಅದೂ ಒಂದೊಂದಾಗಿ, ಕೈಯಲ್ಲಿ. ಕೀಳುವವರು ಲೈನ್ ಮನೆಯ ಹೆಂಗಸರು, ತಮಿಳುನಾಡಿನಿಂದ ಹಿಂದೆ ಬಂದವರು, ಈಗೀಗ ಅಸ್ಸಾಮಿನಿಂದ ಬಂದ ಹುಡುಗರು. ಚೀಲ ಲಾರಿಗೆ ಏರಿಸುವವರು, ಕಣದಲ್ಲಿ ಬಿಸಿಲಿಗೆ ಹರಡುವವರು, ಪಲ್ಪರ್ ನೋಡಿಕೊಳ್ಳುವವರು. ಕಾಫಿ, ಮೆಣಸು, ಏಲಕ್ಕಿ ವ್ಯಾಪಾರಕ್ಕೆ ಕರಾವಳಿಯಿಂದ ಘಾಟಿ ಹತ್ತಿ ಬಂದ ನಮ್ಮ ಬ್ಯಾರಿ ಮನೆಗಳ ಊಟವೂ ಇದೇ ಕೈಗಳಿಂದ ಬಂದದ್ದು. ರೇಟ್ ಏರಿದ ವರ್ಷ ಕೂಲಿಯೂ ಅಷ್ಟೇ ಏರಿತಾ ಅಂತ ತೋಟದವರು ತಮ್ಮನ್ನೇ ಕೇಳಿಕೊಳ್ಳಲಿ. ಅಲ್‌ಹಂದುಲಿಲ್ಲಾಹ್ ಅಂದ ಬಾಯಿ ಸಂಜೆ ತೂಕದ ಹೊತ್ತಲ್ಲಿ ಒಂದೆರಡು ಕೆ.ಜಿ. ಕಡಿಮೆ ಹೇಳಿದರೆ ಬೆಳಗಿನ ಆ ಮಾತು ಎಲ್ಲಿಗೆ ಹೋಯಿತು?

ಈ ಜನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವುದು ಆನೆ ಇರುವ ದಾರಿಯಲ್ಲೇ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕೆಲಸಕ್ಕೆ ಬಂದ ಅರ್ಜುನ ಕಾಡಾನೆ ಜೊತೆ ಕಾದಾಡಿ ಸತ್ತುಹೋಯಿತು. ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಆನೆ. ನಾಡೇ ಅತ್ತಿತು. ಆಳುಗಳು ಸಂಜೆ ಸುರಕ್ಷಿತವಾಗಿ ಲೈನ್ ಮನೆಗೆ ವಾಪಸ್ ಬಂದ ಎಷ್ಟೋ ದಿನಗಳು ಮಾತ್ರ ಪೇಪರ್‌ನಲ್ಲಿ ಬರುವುದಿಲ್ಲ. ಬರಬೇಕು ಅಂತಲೂ ಇಲ್ಲ, ಮನೆಯವರು ಬಾಗಿಲಲ್ಲಿ ನಿಂತು ಎಣಿಸಿಕೊಂಡರೆ ಸಾಕು. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಕುಸಿದು ರೈಲು ನಿಂತಾಗ ಮೊದಲ ಪುಟದಲ್ಲಿ ಬಂತು. ಸುರಿಯುವ ಮಳೆಯಲ್ಲಿ ಹಗಲು ರಾತ್ರಿ ಮಣ್ಣು ಹೊತ್ತು ಹಳಿ ಸರಿ ಮಾಡಿದ ಕೆಲಸಗಾರರ ಸುದ್ದಿ ಒಳಪುಟದಲ್ಲಿತ್ತು. ಕೃತಜ್ಞತೆ ಹುಡುಕುವವರು ಒಳಪುಟವನ್ನೂ ಓದಬೇಕಾಗುತ್ತೆ.

ಹಾಗೇ ಲೆಕ್ಕದ ಆಚೆ ತುದಿಯೂ ಇದೆ. ಬಾಬಾ ಬುಡನ್ ಕೈಗೆ ಬಂದ ಆ ಏಳು ಬೀಜವನ್ನು ಯಾವನೋ ಯಮನಿ ರೈತ ಬೆಳೆದಿದ್ದ. ಆ ಯಮನ್ ಈಗ ಹತ್ತು ವರ್ಷಕ್ಕೂ ಮೇಲಾಗಿ ಯುದ್ಧದಲ್ಲಿ ಬೆಂದಿದೆ. ಹಸಿವು, ಕಾಲರಾ, ಬಾಂಬು. ಹುದೈದಾ, ಮೋಖಾ ಅನ್ನುವ ಹೆಸರುಗಳು ಪೇಪರಿನ ವಿದೇಶ ಪುಟದಲ್ಲಿ ಬಂದಾಗ ನಾವು ಹಾಳೆ ತಿರುಗಿಸಿ ಕಾಫಿ ರೇಟಿಗೆ ಹೋಗುತ್ತೇವೆ. ಜಗತ್ತಿಗೆ ಕಾಫಿ ಕಳಿಸಿದ ಮೋಖಾ ಇವತ್ತು ಒಂದು ಸಣ್ಣ ಊರು. ನೀರು ಕಡಿಮೆಯಾಗಿ, ಕಾಸು ಬೇಗ ಬರಲಿ ಅಂತ ಎಷ್ಟೋ ರೈತರು ಕಾಫಿ ಕಿತ್ತು ಖಾತ್ ಸೊಪ್ಪು ಹಾಕಿದ್ದಾರೆ. ಆದರೂ ಹರಾಝ್ ಬೆಟ್ಟಗಳಲ್ಲಿ ಕಲ್ಲು ಕಟ್ಟಿದ ಮೆಟ್ಟಿಲು ಗದ್ದೆಗಳ ಮೇಲೆ ಇನ್ನೂ ಕಾಫಿ ಇದೆ. ನಾವು ಕಣದಲ್ಲಿ ಹರಡುವ ಹಾಗೆ ಅವರು ಮನೆಯ ಮಾಳಿಗೆ ಮೇಲೆ ಹಣ್ಣು ಒಣಗಲು ಹರಡುತ್ತಾರೆ. ಅಲ್ಲಿಯೂ ಕೊಯ್ಲು ಅಕ್ಟೋಬರ್‌ಗೆ ಶುರು, ಇಲ್ಲಿ ಅರೇಬಿಕಾ ಕೆಂಪಾಗುವ ಹೊತ್ತಿಗೇ.